ಹಳೆಯ ಕಂಪ್ಯೂಟರಿನಲ್ಲಿ ವಿಡಿಯೊ ಪ್ಲೇ ಆಗದಿದ್ದರೆ: ಕೋಡೆಕ್ ಸೇರಿಸುವ ಸಮಗ್ರ ಮಾರ್ಗದರ್ಶಿ

ಹೂಮಳೆ ಬಿದ್ದು ಒಂಬತ್ತನೆಯ ದಿನ, ಮೂಡಿಗೆರೆಯ ಬಳಿಯ ನಮ್ಮ ತೋಟದಲ್ಲಿ ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿ ನಿಂತಿದ್ದಾಗ, ಅಕ್ಕನ ಮಗ ತನ್ನ ಫೋನಿನಲ್ಲಿ ಎರಡು ನಿಮಿಷದ ವಿಡಿಯೊ ತೆಗೆದ. ಮಂಡಿನೋವಿನಿಂದ ತೋಟಕ್ಕೆ ಇಳಿಯಲಾಗದ ಅಮ್ಮನಿಗೆ ಅದನ್ನು ದೊಡ್ಡ ಪರದೆಯಲ್ಲಿ ತೋರಿಸೋಣವೆಂದು ಮನೆಯ ಹಳೆಯ ಕಂಪ್ಯೂಟರಿಗೆ ಹಾಕಿದೆವು. ಜೇನುನೊಣಗಳ ಝೇಂಕಾರ ಸ್ಪಷ್ಟವಾಗಿ ಕೇಳಿಸಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್ ಮತ್ತು ವಿಂಡೋಸ್ 7 ಇರುವ ಆ ಕಂಪ್ಯೂಟರಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೆ ಗೊತ್ತಿಲ್ಲದ ಒಂದು ಕೋಡೆಕ್‌ನಲ್ಲಿ, ಅಂದರೆ ವಿಡಿಯೊವನ್ನು ಹಿಂಡಿ ಬಿಡಿಸುವ ವಿಧಾನದಲ್ಲಿ, ಆ ವಿಡಿಯೊ ಅಡಕವಾಗಿತ್ತು, ಅಷ್ಟೆ.

ಇಂಥ ಕಂಪ್ಯೂಟರುಗಳು ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳಲ್ಲಿ, ಶಾಲೆಗಳಲ್ಲಿ, ಅಂಗಡಿಗಳಲ್ಲಿ ಈಗಲೂ ಕೆಲಸ ಮಾಡುತ್ತಿವೆ. ವಿಡಿಯೊ ಬರುತ್ತಿಲ್ಲ ಎಂದಾಕ್ಷಣ ಕೋಡೆಕ್ ಪ್ಯಾಕ್ ಎಂದು ಹುಡುಕಿ, ಮೊದಲು ಕಂಡದ್ದನ್ನು ಇಳಿಸಿಕೊಂಡು ಹಾಕುವುದು ಸಾಮಾನ್ಯ ರೂಢಿ. ನನ್ನ ಅನುಭವದಲ್ಲಿ ಅದು ಮೂರನೆಯ ಅಥವಾ ನಾಲ್ಕನೆಯ ಹೆಜ್ಜೆಯಾಗಬೇಕು. ಫೈಲಿನೊಳಗೆ ಏನಿದೆ, ಕಂಪ್ಯೂಟರಿನ ತಾಕತ್ತು ಎಷ್ಟು ಎಂಬುದನ್ನು ಮೊದಲು ತಿಳಿದುಕೊಂಡರೆ, ಬಹುಪಾಲು ಸಂದರ್ಭಗಳಲ್ಲಿ ಒಂದೇ ಒಂದು ತಂತ್ರಾಂಶ ಹಾಕಿ ಕೆಲಸ ಮುಗಿಸಬಹುದು.

ಕೋಡೆಕ್ ಎಂದರೇನು, ಡಬ್ಬಿ ಎಂದರೇನು

ಒಂದು ಲೆಕ್ಕದಿಂದ ಆರಂಭಿಸುತ್ತೇನೆ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಪ್ರತಿ ಚುಕ್ಕಿಯ ಬಣ್ಣಕ್ಕೆ ಮೂರು ಬೈಟ್ ಎಂದು ಹಿಡಿದರೆ ಒಂದು ಚಿತ್ರಕ್ಕೆ ಸುಮಾರು 6.2 ಎಂಬಿ ಬೇಕು. ಸೆಕೆಂಡಿಗೆ 25 ಚಿತ್ರಗಳಂತೆ ಒಂದು ನಿಮಿಷಕ್ಕೆ ಸುಮಾರು 9.3 ಜಿಬಿ. ಅಂದರೆ ಒಂದು ನಿಮಿಷದ ವಿಡಿಯೊ ಇಡಲು 4.7 ಜಿಬಿಯ ಎರಡು ಡಿವಿಡಿಗಳು ಬೇಕಾಗುತ್ತವೆ. ಇದು ನಡೆಯುವ ಮಾತಲ್ಲವಾದ್ದರಿಂದ, ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬದಲಾಗದೆ ಉಳಿದ ಭಾಗವನ್ನು ಮತ್ತೆ ಮತ್ತೆ ಬರೆಯದೆ, ಕಣ್ಣಿಗೆ ಗೊತ್ತಾಗದ ವಿವರಗಳನ್ನು ಬಿಟ್ಟು, ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡುತ್ತಾರೆ. ಹೀಗೆ ಹಿಂಡುವ ಮತ್ತು ನೋಡುವಾಗ ಮರಳಿ ಬಿಡಿಸುವ ವಿಧಾನವೇ ಕೋಡೆಕ್. ಬಿಡಿಸುವ ವಿಧಾನ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಫೈಲ್ ಇದ್ದೂ ಇಲ್ಲದಂತೆ.

ಇಲ್ಲಿ ಎಲ್ಲರೂ ಎಡವುವ ಸ್ಥಳವೊಂದಿದೆ. ಫೈಲಿನ ಹೆಸರಿನ ಕೊನೆಯಲ್ಲಿ ಬರುವ ಎವಿಐ, ಎಂಪಿ4, ಎಂಕೆವಿ, ಎಂಒವಿ ಇವು ಕೋಡೆಕ್‌ಗಳಲ್ಲ, ಡಬ್ಬಿಗಳು. ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದರೆ ಮೆಂತ್ಯ ಸಿಗುವುದುಂಟಲ್ಲ, ಹಾಗೆಯೇ ಎಂಪಿ4 ಎಂಬ ಡಬ್ಬಿಯೊಳಗೆ 2003ರಲ್ಲಿ ಬಂದ ಎಚ್.264 ಇರಬಹುದು, 2013ರಲ್ಲಿ ಬಂದ ಎಚ್.265 ಇರಬಹುದು. ಮೊದಲನೆಯದು ವಿಂಡೋಸ್ 7ಕ್ಕೆ ಗೊತ್ತು. ಎಚ್‌ಇವಿಸಿ ಎಂದೂ ಕರೆಯುವ ಎರಡನೆಯದು ಗೊತ್ತಿಲ್ಲ, ಏಕೆಂದರೆ ವಿಂಡೋಸ್ 7 ಬಂದದ್ದೇ 2009ರಲ್ಲಿ. ಧ್ವನಿಯೂ ಚಿತ್ರವೂ ಡಬ್ಬಿಯೊಳಗೆ ಬೇರೆ ಬೇರೆಯಾಗಿ, ಬೇರೆ ಬೇರೆ ಕೋಡೆಕ್‌ಗಳಲ್ಲಿ ಇರುವುದರಿಂದಲೇ ನಮ್ಮ ಮನೆಯಲ್ಲಿ ಜೇನಿನ ಸದ್ದು ಕೇಳಿಸಿ ಹೂವು ಕಾಣಿಸಲಿಲ್ಲ.

ಮೊದಲ ಹೆಜ್ಜೆ: ಫೈಲಿನೊಳಗೆ ಏನಿದೆ ಎಂದು ನೋಡಿ

ಇದಕ್ಕೆ ಮೀಡಿಯಾಇನ್ಫೊ ಎಂಬ ಚಿಕ್ಕ ಉಚಿತ ತಂತ್ರಾಂಶ ಸಾಕು. ಫೈಲನ್ನು ಅದರ ಕಿಟಕಿಯ ಮೇಲೆ ಎಳೆದು ಬಿಟ್ಟರೆ ಒಳಗಿನ ವಿವರಗಳೆಲ್ಲ ಸಾಲಾಗಿ ಕಾಣುತ್ತವೆ. ವಿಎಲ್‌ಸಿ ಪ್ಲೇಯರ್ ಈಗಾಗಲೇ ಇದ್ದರೆ ಅದರಲ್ಲಿ ಫೈಲ್ ತೆರೆದು, ಕಂಟ್ರೋಲ್ ಕೀ ಹಿಡಿದು ಜೆ ಒತ್ತಿದರೂ ಇದೇ ಮಾಹಿತಿ ಸಿಗುತ್ತದೆ. ಒಂದು ಹಾಳೆಯಲ್ಲಿ ಐದು ಸಂಗತಿಗಳನ್ನು ಬರೆದುಕೊಳ್ಳಿ: ವಿಡಿಯೊದ ಕೋಡೆಕ್ ಹೆಸರು, ಅಗಲ ಮತ್ತು ಎತ್ತರ, ಸೆಕೆಂಡಿಗೆ ಎಷ್ಟು ಚಿತ್ರ, ಬಣ್ಣದ ಆಳ 8 ಬಿಟ್ಟೋ 10 ಬಿಟ್ಟೋ, ಧ್ವನಿಯ ಕೋಡೆಕ್ ಯಾವುದು. ಮುಂದಿನ ಎಲ್ಲ ತೀರ್ಮಾನಗಳೂ ಈ ಹಾಳೆಯನ್ನು ಆಧರಿಸಿರುತ್ತವೆ.

ಹೆಸರು ನೋಡಿದರೆ ಫೈಲಿನ ಕಾಲ ತಿಳಿಯುತ್ತದೆ. ಮದುವೆಯ ಹಳೆಯ ವಿಸಿಡಿಯಲ್ಲಿರುವುದು ಎಂಪೆಗ್-1, 352 ಗುಣಿಸು 288 ಅಳತೆಯದು, ಡಿವಿಡಿಯಲ್ಲಿ ಎಂಪೆಗ್-2, ಬಟನ್ ಫೋನುಗಳ 3ಜಿಪಿ ಫೈಲುಗಳಲ್ಲಿ ಸಾಮಾನ್ಯವಾಗಿ ಎಚ್.263 ಚಿತ್ರ ಮತ್ತು ಎಎಂಆರ್ ಧ್ವನಿ. ಸಿಡಿ ಬರೆದುಕೊಡುತ್ತಿದ್ದ ಕಾಲದ ಎವಿಐಗಳಲ್ಲಿ ಡಿವ್‌ಎಕ್ಸ್ ಅಥವಾ ಎಕ್ಸ್‌ವಿಡ್. ಹೊಸ ಫೋನುಗಳು ಜಾಗ ಉಳಿಸಲು ಎಚ್‌ಇವಿಸಿ ಬಳಸುತ್ತವೆ. ಐಫೋನ್ 2017ರ ಐಒಎಸ್ 11ರಿಂದಲೇ ಹೀಗೆ ಮಾಡುತ್ತಿದೆ. ಒಂದೇ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಬಂದಾಗ ನೋಡಲು ಸಿಕ್ಕಿ, ಕೇಬಲ್ಲಿನಿಂದ ಹಾಕಿಕೊಂಡಾಗ ಸಿಗದಿರುವುದಕ್ಕೂ ಇದೇ ಕಾರಣ. ವಾಟ್ಸ್ಆ್ಯಪ್ ಕಳುಹಿಸುವಾಗ ಸಾಮಾನ್ಯವಾಗಿ ಅದನ್ನು ಚಿಕ್ಕ ಅಳತೆಯ ಎಚ್.264ಕ್ಕೆ ಬದಲಿಸುತ್ತದೆ.

ಮೀಡಿಯಾಇನ್ಫೊ ಯಾವ ವಿಡಿಯೊ ವಿವರವನ್ನೂ ತೋರಿಸದಿದ್ದರೆ ಫೈಲೇ ಅರ್ಧಂಬರ್ಧ ಇದೆ ಎಂದು ತಿಳಿಯಬೇಕು. ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿಯನ್ನು ಫೋನು ರೆಕಾರ್ಡಿಂಗ್ ನಿಲ್ಲಿಸುವಾಗ ಬರೆಯುತ್ತದೆ. ನಡುವೆ ಬ್ಯಾಟರಿ ಮುಗಿದು ಫೋನ್ ಆರಿಹೋದರೆ ಆ ಪಟ್ಟಿಯೇ ಇರುವುದಿಲ್ಲ. ಫ್ಯಾಟ್32 ಮಾದರಿಯ ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದೂ ಇಲ್ಲ. ಇಂಥ ತೊಂದರೆಗಳಿಗೆ ಎಷ್ಟು ಕೋಡೆಕ್ ಹಾಕಿದರೂ ಪ್ರಯೋಜನವಿಲ್ಲ. ಮೂಲ ಫೈಲನ್ನು ಮತ್ತೊಮ್ಮೆ ಸರಿಯಾಗಿ ನಕಲು ಮಾಡಿಕೊಂಡು ನೋಡುವುದೇ ದಾರಿ.

ಎರಡನೆಯ ಹೆಜ್ಜೆ: ಕಂಪ್ಯೂಟರನ್ನು ತಿಳಿದುಕೊಳ್ಳಿ

ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು ಪಾಸ್ (Pause) ಕೀ ಒತ್ತಿ. ವಿಂಡೋಸ್ ಆವೃತ್ತಿ, ಪ್ರೊಸೆಸರ್ ಮತ್ತು ರ‍್ಯಾಮ್ ಎಷ್ಟು ಎಂಬುದು ಕಾಣುತ್ತದೆ. 32 ಬಿಟ್ಟೋ 64 ಬಿಟ್ಟೋ ಎಂಬುದನ್ನು ವಿಂಡೋಸ್ 7 ಅಲ್ಲಿಯೇ ತೋರಿಸುತ್ತದೆ. ಇನ್ನೂ ಹಳೆಯದಾದ ವಿಂಡೋಸ್ ಎಕ್ಸ್‌ಪಿ ಇದ್ದರೆ ಅದರ ಸರ್ವಿಸ್ ಪ್ಯಾಕ್ 3 ಎಂಬ ಪರಿಷ್ಕರಣೆ ಇದೆಯೇ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ಮುಂದಿನ ತಂತ್ರಾಂಶಗಳು ಹತ್ತುವುದಿಲ್ಲ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಭದ್ರತಾ ಬೆಂಬಲ 2014ರ ಏಪ್ರಿಲ್‌ನಲ್ಲಿಯೂ ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿಯೂ ಮುಗಿದಿದೆ. ಆದ್ದರಿಂದ ಈ ಕಂಪ್ಯೂಟರುಗಳನ್ನು ಇಂಟರ್‌ನೆಟ್‌ಗೆ ಜೋಡಿಸಿ ತಂತ್ರಾಂಶ ಹುಡುಕುವುದನ್ನು ನಾನು ಒಪ್ಪುವುದಿಲ್ಲ. ಎಕ್ಸ್‌ಪಿಯ ಹಳೆಯ ಬ್ರೌಸರಿನಲ್ಲಿ ಈಗಿನ ಬಹಳಷ್ಟು ತಾಣಗಳು ತೆರೆಯುವುದೂ ಇಲ್ಲ. ಬೇರೊಂದು ಹೊಸ ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ಅಲ್ಲಿಯೇ ಆ್ಯಂಟಿವೈರಸ್‌ನಿಂದ ಪರೀಕ್ಷಿಸಿ, ಪೆನ್‌ಡ್ರೈವ್‌ನಲ್ಲಿ ತಂದು ಹಾಕಿ.

ಮೂರನೆಯ ಹೆಜ್ಜೆ: ವಿಎಲ್‌ಸಿ ಹಾಕಿ ನೋಡಿ

ವಿಂಡೋಸ್‌ನ ಸ್ವಂತ ಪ್ಲೇಯರ್ ತನಗೆ ಬೇಕಾದ ಕೋಡೆಕ್‌ಗಳನ್ನು ವಿಂಡೋಸ್‌ನಿಂದ ಕೇಳಿ ಪಡೆಯುತ್ತದೆ. ವಿಎಲ್‌ಸಿ ಹಾಗಲ್ಲ, ಬೇಕಾದ ಬಹುತೇಕ ಕೋಡೆಕ್‌ಗಳನ್ನು ತನ್ನೊಳಗೇ ಹೊತ್ತು ತರುತ್ತದೆ. ಅದರಿಂದ ವಿಂಡೋಸ್‌ನ ಕೋಡೆಕ್‌ಗಳಲ್ಲಿ ಏನೂ ಬದಲಾಗುವುದಿಲ್ಲ, ಬೇಡವೆಂದರೆ ಸುಲಭವಾಗಿ ತೆಗೆದುಹಾಕಬಹುದು. ಹಳೆಯ ಕಂಪ್ಯೂಟರಿಗೆ ಇದಕ್ಕಿಂತ ನೆಮ್ಮದಿಯ ಉಪಾಯವನ್ನು ನಾನು ಕಂಡಿಲ್ಲ. ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ 1996ರಲ್ಲಿ ವಿದ್ಯಾರ್ಥಿಗಳು ಆರಂಭಿಸಿದ ಈ ಯೋಜನೆ 2001ರಲ್ಲಿ ಮುಕ್ತ ತಂತ್ರಾಂಶವಾಯಿತು. ಇದರ 3.0 ಸರಣಿ ಸರ್ವಿಸ್ ಪ್ಯಾಕ್ 3 ಇರುವ ಎಕ್ಸ್‌ಪಿಯಿಂದ ಹಿಡಿದು ಮುಂದಿನ ಎಲ್ಲ ವಿಂಡೋಸ್‌ಗಳಲ್ಲಿಯೂ ಕೆಲಸ ಮಾಡುತ್ತದೆ.

ವಿಎಲ್‌ಸಿಯನ್ನು ವಿಡಿಯೊಲ್ಯಾನ್ ಸಂಸ್ಥೆಯ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. 2022ರ ಫೆಬ್ರವರಿಯಿಂದ ನವೆಂಬರ್‌ವರೆಗೆ ಆ ತಾಣ ಭಾರತದಲ್ಲಿ ತೆರೆಯುತ್ತಿರಲಿಲ್ಲ. ಆಗ ಅನೇಕರು ಬೇರೆ ಬೇರೆ ಕಡೆಗಳಿಂದ ಇಳಿಸಿಕೊಂಡ ಪ್ರತಿಗಳು ಇನ್ನೂ ಪೆನ್‌ಡ್ರೈವ್‌ಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿರಬಹುದು. ಅಂಥ ಪ್ರತಿ ನಿಮ್ಮಲ್ಲಿದ್ದರೆ ಅಳಿಸಿ, ಹೊಸದನ್ನು ತನ್ನಿ. 32 ಬಿಟ್ ವಿಂಡೋಸ್‌ಗೆ 32 ಬಿಟ್‌ನದೇ ಬೇಕು. ಯಾವುದೆಂದು ಸಂಶಯವಿದ್ದರೂ ಅದನ್ನೇ ಆರಿಸಿ, ಏಕೆಂದರೆ ಅದು ಎರಡರಲ್ಲಿಯೂ ನಡೆಯುತ್ತದೆ.

ಇನ್‌ಸ್ಟಾಲ್ ಮಾಡಿದ ಮೇಲೆ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಓಪನ್ ವಿತ್ ಆರಿಸಿ, ವಿಎಲ್‌ಸಿಯಲ್ಲಿ ತೆರೆಯಿರಿ. ಚಿತ್ರ, ಧ್ವನಿ ಎರಡೂ ಸರಾಗವಾಗಿ ಬಂದರೆ ನಿಮ್ಮ ಕೆಲಸ ಮುಗಿಯಿತು, ನಾಲ್ಕನೆಯ ಹೆಜ್ಜೆಯ ಅಗತ್ಯವಿಲ್ಲ. ಚಿತ್ರ ಬಂದರೂ ತಡೆತಡೆದು ಬರುತ್ತಿದ್ದರೆ ನೇರವಾಗಿ ಐದನೆಯ ಹೆಜ್ಜೆಗೆ ಹೋಗಿ.

ನಾಲ್ಕನೆಯ ಹೆಜ್ಜೆ: ವಿಂಡೋಸ್‌ಗೇ ಕೋಡೆಕ್ ಸೇರಿಸುವುದು

ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲೇ ನೋಡುವ ಅಭ್ಯಾಸವಿರುವವರಿಗೆ, ಅಥವಾ ವಿಂಡೋಸ್‌ನ ಕೋಡೆಕ್‌ಗಳನ್ನೇ ನೆಚ್ಚಿಕೊಂಡ ಹಳೆಯ ತಂತ್ರಾಂಶ ಬಳಸುವವರಿಗೆ ಮಾತ್ರ ಇದು ಬೇಕು. ವಿಂಡೋಸ್‌ಗೆ ಸೇರಿಸುವ ಇಂಥ ಬಿಡಿಸುವ ಘಟಕಗಳನ್ನು ಫಿಲ್ಟರ್ ಎನ್ನುತ್ತಾರೆ. ಎಲ್‌ಎವಿ ಫಿಲ್ಟರ್ಸ್ ಎಂಬ ಒಂದೇ ಗುಚ್ಛ ಇಂದಿನ ಬಹುತೇಕ ಕೋಡೆಕ್‌ಗಳನ್ನು ಬಿಡಿಸಬಲ್ಲದು. 2000ದಲ್ಲಿ ಆರಂಭವಾದ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ಯೋಜನೆ ಅದರ ಬೆನ್ನೆಲುಬು. ಕೆ-ಲೈಟ್ ಕೋಡೆಕ್ ಪ್ಯಾಕ್‌ನಲ್ಲಿ ಇದೇ ಫಿಲ್ಟರುಗಳು ಅಚ್ಚುಕಟ್ಟಾಗಿ ಸೇರಿರುತ್ತವೆ. ಬೇಸಿಕ್, ಸ್ಟ್ಯಾಂಡರ್ಡ್, ಫುಲ್, ಮೆಗಾ ಎಂಬ ನಾಲ್ಕು ಗಾತ್ರಗಳಲ್ಲಿ ಅದು ದೊರೆಯುತ್ತದೆ. ಮನೆಯ ಬಳಕೆಗೆ ಸ್ಟ್ಯಾಂಡರ್ಡ್ ಧಾರಾಳವಾಗಿ ಸಾಕು; ಅದರ ಜೊತೆಗೆ ಬರುವ ಮೀಡಿಯಾ ಪ್ಲೇಯರ್ ಕ್ಲಾಸಿಕ್ ಎಂಬ ಹಗುರವಾದ ಪ್ಲೇಯರ್ ಹಳೆಯ ಕಂಪ್ಯೂಟರುಗಳಿಗೆ ಹೇಳಿ ಮಾಡಿಸಿದಂತಿದೆ. ಎಕ್ಸ್‌ಪಿ ಇರುವವರು ಈಗಿನ ಆವೃತ್ತಿಯನ್ನು ಹಾಕಲಾಗದು. ಎಕ್ಸ್‌ಪಿಗೆ ಹೊಂದುವ ಕೊನೆಯ ಆವೃತ್ತಿಯನ್ನು ಅದರದೇ ತಾಣದ ಹಳೆಯ ಆವೃತ್ತಿಗಳ ಪುಟದಿಂದ ತೆಗೆದುಕೊಳ್ಳಬೇಕು.

ಹಾಕುವ ಮುನ್ನ ಎರಡು ಕೆಲಸಗಳಿವೆ. ಮೊದಲನೆಯದು, ಸಿಸ್ಟಮ್ ರಿಸ್ಟೋರ್ ತೆರೆದು ಒಂದು ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳುವುದು. ಏನಾದರೂ ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು ಇದೇ ಆಸರೆ. ಎರಡನೆಯದು, ಕಂಟ್ರೋಲ್ ಪ್ಯಾನೆಲ್‌ನ ತಂತ್ರಾಂಶಗಳ ಪಟ್ಟಿಯಲ್ಲಿ ಈ ಹಿಂದೆ ಯಾರಾದರೂ ಹಾಕಿದ ಕೋಡೆಕ್ ಪ್ಯಾಕ್‌ಗಳಿದ್ದರೆ ಅವೆಲ್ಲವನ್ನೂ ತೆಗೆದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡುವುದು. ಈ ಎರಡನೆಯ ಕೆಲಸದ ಬೆಲೆ ನಾನು ಕಷ್ಟಪಟ್ಟು ಕಲಿತದ್ದು. ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರ ಕಂಪ್ಯೂಟರಿನಲ್ಲಿ ಇದ್ದ ಪ್ಯಾಕ್ ತೆಗೆಯದೆ ಅದರ ಮೇಲೆ ಇನ್ನೊಂದನ್ನು, ಅದೂ ಸರಿಹೋಗದೆ ಮೂರನೆಯದನ್ನು ಹಾಕಿದೆ. ವಿಡಿಯೊ ಇರುವ ಫೋಲ್ಡರ್ ತೆರೆದರೆ ಸಾಕು, ಕಿಟಕಿಯೇ ಮುಚ್ಚಿಹೋಗತೊಡಗಿತು. ಒಂದೇ ಬಗೆಯ ವಿಡಿಯೊವನ್ನು ಬಿಡಿಸಲು ಮೂರು ಫಿಲ್ಟರುಗಳು ಮುಂದೆ ಬಂದಾಗ ವಿಂಡೋಸ್ ಅವುಗಳಿಗಿರುವ ಆದ್ಯತೆಯ ಅಂಕಿ ನೋಡಿ ಒಂದನ್ನು ಆರಿಸುತ್ತದೆ. ಅದು ಆರಿಸಿದ ಫಿಲ್ಟರೇ ಕೆಟ್ಟದ್ದಾಗಿದ್ದರೆ ಉಳಿದೆರಡು ಸರಿಯಿದ್ದೂ ಉಪಯೋಗವಿಲ್ಲ. ಫೋಲ್ಡರಿನಲ್ಲಿ ವಿಡಿಯೊದ ಚಿಕ್ಕ ಚಿತ್ರ ತೋರಿಸಲೂ ಅದೇ ಫಿಲ್ಟರ್ ಬೇಕಾದ್ದರಿಂದ ಕಿಟಕಿ ಮುಚ್ಚುತ್ತಿತ್ತು. ರಿಸ್ಟೋರ್ ಪಾಯಿಂಟ್ ಇರಲಿಲ್ಲ. ಕಡೆಗೆ ಇಡೀ ವಿಂಡೋಸನ್ನು ಹೊಸದಾಗಿ ಹಾಕಬೇಕಾಯಿತು.

ಇನ್‌ಸ್ಟಾಲರ್ ಆರಂಭವಾದಾಗ ಅದು ತಾನಾಗಿಯೇ ಮುರಿದ ಹಳೆಯ ಫಿಲ್ಟರುಗಳನ್ನು ಹುಡುಕಿ, ತೆಗೆಯಲೇ ಎಂದು ಕೇಳಿದರೆ ಒಪ್ಪಿಕೊಳ್ಳಿ. ನಾರ್ಮಲ್ ವಿಧಾನ ಆರಿಸಿ, ಅದು ಸೂಚಿಸಿದ ಆಯ್ಕೆಗಳನ್ನು ಹಾಗೆಯೇ ಬಿಡಿ. ಪ್ರತಿ ಪುಟವನ್ನೂ ಓದಿ ಮುಂದುವರಿಯಿರಿ. ಬೇರೆ ಯಾವುದಾದರೂ ತಂತ್ರಾಂಶವನ್ನು ಜೊತೆಗೆ ಹಾಕಲೇ ಎಂದು ಕೇಳಿದರೆ ನಿರಾಕರಿಸಿ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ, ಫೈಲ್ ತೆರೆದು ನೋಡಿ. ಮುಂದೆ ತೊಂದರೆ ಕಂಡರೆ ಪ್ಯಾಕ್‌ನ ಜೊತೆಗೇ ಬರುವ ಕೋಡೆಕ್ ಟ್ವೀಕ್ ಟೂಲ್‌ನಲ್ಲಿ ಯಾವ ಕೋಡೆಕ್‌ಗೆ ಯಾವ ಫಿಲ್ಟರ್ ಬಳಸಬೇಕೆಂದು ಬದಲಿಸಬಹುದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ವಿಡಿಯೊ ನೋಡಲು ಹೋದಾಗ ತಾಣವೇ ಈ ಕೋಡೆಕ್ ಹಾಕಿಕೊಳ್ಳಿ ಎಂದು ಕೇಳಿದರೆ ಆ ಪುಟವನ್ನು ಕೂಡಲೇ ಮುಚ್ಚಿ. ಎಕ್ಸ್‌ಪಿಯ ಕಾಲದಲ್ಲಿ ಝ್ಲಾಬ್ ಎಂಬ ದುಷ್ಟ ತಂತ್ರಾಂಶ ಹರಡಿದ್ದೇ ಹೀಗೆ, ವಿಡಿಯೊ ಕೋಡೆಕ್ ಎಂಬ ವೇಷದಲ್ಲಿ. ಆ ಉಪಾಯ ಇಂದಿಗೂ ಸತ್ತಿಲ್ಲ.

ಐದನೆಯ ಹೆಜ್ಜೆ: ಚಿತ್ರ ತಡೆತಡೆದು ಬಂದರೆ

ಕೋಡೆಕ್ ಇದ್ದರೂ ಕಂಪ್ಯೂಟರಿಗೆ ಶಕ್ತಿ ಸಾಲದಿರಬಹುದು. ವಿಡಿಯೊ ನಡೆಯುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರಿನ ಬಳಕೆ ನೋಡಿ. ಅದು ನೂರರ ಹತ್ತಿರ ನಿಂತುಬಿಟ್ಟಿದ್ದರೆ ಕೋಡೆಕ್ ತನ್ನ ಕೆಲಸ ಮಾಡುತ್ತಿದೆ, ಪ್ರೊಸೆಸರ್ ಏದುಸಿರು ಬಿಡುತ್ತಿದೆ ಎಂದರ್ಥ. ಮುಳ್ಳಯ್ಯನಗಿರಿಯ ತುದಿಯಲ್ಲಿ ಹೊಸ ಫೋನಿನಿಂದ ತೆಗೆದ 4ಕೆ ಅಳತೆಯ, 10 ಬಿಟ್‌ನ ಎಚ್‌ಇವಿಸಿ ವಿಡಿಯೊವನ್ನು ಕೋರ್ 2 ಡ್ಯುಯೊ ಸರಾಗವಾಗಿ ತೋರಿಸಲಾರದು. ಹೊಸ ಯಂತ್ರಗಳಲ್ಲಿ ಈ ಹೊರೆಯನ್ನು ಹೊರಲು ಗ್ರಾಫಿಕ್ಸ್ ಚಿಪ್‌ನಲ್ಲೇ ಪ್ರತ್ಯೇಕ ಭಾಗವಿರುತ್ತದೆ, ಹಳೆಯವುಗಳಲ್ಲಿ ಇಲ್ಲ.

ಸ್ವಲ್ಪವೇ ತಡೆಯುತ್ತಿದ್ದರೆ ಕೆಲವು ಉಪಾಯಗಳಿವೆ. ಫೈಲನ್ನು ಪೆನ್‌ಡ್ರೈವ್‌ನಿಂದ ನೋಡದೆ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ. ತೆರೆದಿರುವ ಬೇರೆ ತಂತ್ರಾಂಶಗಳನ್ನು ಮುಚ್ಚಿ. ವಿಎಲ್‌ಸಿಯ ಟೂಲ್ಸ್ ಮೆನುವಿನಲ್ಲಿ ಪ್ರಿಫರೆನ್ಸಸ್ ತೆರೆದು, ಇನ್‌ಪುಟ್ ಮತ್ತು ಕೋಡೆಕ್ಸ್ ವಿಭಾಗದಲ್ಲಿ ಎಚ್.264ರ ಡಿಬ್ಲಾಕಿಂಗ್ ಫಿಲ್ಟರ್ ಬಿಟ್ಟುಬಿಡುವ ಆಯ್ಕೆಯನ್ನು ಆಲ್ ಎಂದು ಮಾಡಿ. ಚೌಕಗಳ ಅಂಚನ್ನು ನಯಗೊಳಿಸುವ ಕೆಲಸವನ್ನು ಅದು ಕೈಬಿಡುತ್ತದೆ, ಚಿತ್ರ ತುಸು ಒರಟಾದರೂ ಓಟ ಹಗುರವಾಗುತ್ತದೆ. ಅದೇ ಪುಟದಲ್ಲಿ ಹಾರ್ಡ್‌ವೇರ್ ನೆರವಿನ ಆಯ್ಕೆಯಿದೆ. ವಿಂಡೋಸ್ 7ರಲ್ಲಿ ಅದನ್ನು ಆಟೊಮ್ಯಾಟಿಕ್‌ಗೆ ಇಟ್ಟು ನೋಡಿ, ಹಸಿರು ಪಟ್ಟೆಗಳು ಕಂಡರೆ ನಿಲ್ಲಿಸಿ.

ಆರನೆಯ ಹೆಜ್ಜೆ: ಫೈಲನ್ನೇ ಬದಲಿಸುವುದು

ಇಷ್ಟಾದರೂ ಆಗದಿದ್ದರೆ ಕಂಪ್ಯೂಟರಿಗೆ ತಕ್ಕಂತೆ ಫೈಲನ್ನು ಬದಲಿಸಬೇಕು. ನಿಜ ಹೇಳಬೇಕೆಂದರೆ ಹೊಸ ಫೋನಿನ ವಿಡಿಯೊಗಳಿಗೆ ನಾನು ಈಗ ಮೊದಲೇ ಈ ದಾರಿ ಹಿಡಿಯುತ್ತೇನೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಸೂಕ್ತ. ಅದರ ಈಗಿನ ಆವೃತ್ತಿಗಳು ಹಳೆಯ ವಿಂಡೋಸ್‌ನಲ್ಲಿ ನಡೆಯವು, ಆದ್ದರಿಂದ ಈ ಕೆಲಸವನ್ನು ಮಕ್ಕಳ ಲ್ಯಾಪ್‌ಟಾಪ್‌ನಂಥ ಹೊಸ ಯಂತ್ರದಲ್ಲಿ ಮಾಡಿ. ಫೈಲ್ ತೆರೆದು, ಪ್ರಿಸೆಟ್‌ಗಳ ಪಟ್ಟಿಯಲ್ಲಿ ಕೋರ್ 2 ಡ್ಯುಯೊಗೆ ಫಾಸ್ಟ್ 720ಪಿ30, ಪೆಂಟಿಯಂ 4ಕ್ಕೆ ಫಾಸ್ಟ್ 480ಪಿ30 ಆರಿಸಿ. ವಿಡಿಯೊ ವಿಭಾಗದಲ್ಲಿ ಎನ್‌ಕೋಡರ್ ಎಚ್.264 ಎಂದಿರಲಿ, ಅದರ 10 ಬಿಟ್ ರೂಪವನ್ನು ಆರಿಸಬೇಡಿ. ಫೋನುಗಳು ಬೆಳಕಿಗೆ ತಕ್ಕಂತೆ ಚಿತ್ರಗಳ ವೇಗವನ್ನು ಏರಿಳಿಸುವುದರಿಂದ ಫ್ರೇಮ್‌ರೇಟನ್ನು ಕಾನ್‌ಸ್ಟಂಟ್‌ಗೆ ಬದಲಿಸಿ. ಗುಣಮಟ್ಟದ ಅಂಕಿಯನ್ನು 22ರ ಸುಮಾರಿಗೆ ಇಡಿ. ಈ ಅಂಕಿ ಇಳಿದಷ್ಟೂ ಚಿತ್ರ ಉತ್ತಮವಾಗುತ್ತದೆ, ಫೈಲ್ ದೊಡ್ಡದಾಗುತ್ತದೆ. ಧ್ವನಿ ಎಎಸಿ, ಸ್ಟೀರಿಯೊ ಇರಲಿ. ಬಳಿಕ ಸ್ಟಾರ್ಟ್ ಒತ್ತಿ.

ಉದ್ದದ ವಿಡಿಯೊಗಳಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಮಲೆನಾಡಿನ ಆಷಾಢದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು, ಹೀಗಾಗಿ ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಅಥವಾ ಯುಪಿಎಸ್ ಇರುವ ಕಂಪ್ಯೂಟರೇ ಆಗಬೇಕು. ಬದಲಿಸಿದ ಪ್ರತಿ ನೋಡಲು ಮಾತ್ರ. ಮೂಲ ಫೈಲನ್ನು ಎಂದಿಗೂ ಅಳಿಸಬೇಡಿ, ಏಕೆಂದರೆ ಒಮ್ಮೆ ಹಿಂಡಿ ಬಿಟ್ಟ ವಿವರ ಮರಳಿ ಬರುವುದಿಲ್ಲ. ಮುಂದೆ ತೆಗೆಯುವ ವಿಡಿಯೊಗಳಿಗೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಹೈ ಎಫಿಷಿಯನ್ಸಿ ಎಂಬುದನ್ನು ನಿಲ್ಲಿಸಿದರೆ, ಐಫೋನಿನಲ್ಲಾದರೆ ಫಾರ್ಮ್ಯಾಟ್ಸ್ ಪುಟದಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದರೆ, ಎಚ್.264ರಲ್ಲೇ ಉಳಿಯುತ್ತವೆ.

ಉಳಿದ ಕೆಲವು ಸಂದರ್ಭಗಳು

ಚಿತ್ರ ಬಂದು ಧ್ವನಿ ಬರದಿದ್ದರೆ ಧ್ವನಿಯ ಕೋಡೆಕ್ ಎಸಿ3 ಅಥವಾ ಡಿಟಿಎಸ್ ಆಗಿರುವ ಸಂಭವ ಹೆಚ್ಚು. ವಿಎಲ್‌ಸಿ ಎರಡನ್ನೂ ಬಿಡಿಸುತ್ತದೆ. ಕನ್ನಡದ ಸಬ್‌ಟೈಟಲ್ ಅರ್ಥವಾಗದ ಚಿಹ್ನೆಗಳಾಗಿ ಕಂಡರೆ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಸೇವ್ ಆ್ಯಸ್ ಒತ್ತಿ, ಎನ್‌ಕೋಡಿಂಗ್ ಯುಟಿಎಫ್-8 ಎಂದು ಬದಲಿಸಿ ಉಳಿಸಿ. ಖಾಲಿ ಚೌಕಗಳಾಗಿ ಕಂಡರೆ ಅಕ್ಷರಶೈಲಿಯ ಕೊರತೆ. ವಿಎಲ್‌ಸಿಯ ಸಬ್‌ಟೈಟಲ್ ಪುಟದಲ್ಲಿ ವಿಂಡೋಸ್‌ನ ಜೊತೆಗೇ ಬರುವ ತುಂಗಾ ಫಾಂಟನ್ನು ಆರಿಸಬಹುದು.

ವಿಸಿಡಿಯಲ್ಲಿ ಎಂಪೆಗ್‌ಎವಿ ಎಂಬ ಫೋಲ್ಡರಿನೊಳಗೆ ಡಿಎಟಿ ಎಂದು ಕೊನೆಗೊಳ್ಳುವ ದೊಡ್ಡ ಫೈಲೇ ನಿಮ್ಮ ವಿಡಿಯೊ. ಅದಕ್ಕೆ ಯಾವ ಹೊಸ ಕೋಡೆಕ್ಕೂ ಬೇಡ, ವಿಎಲ್‌ಸಿಯಲ್ಲಿ ನೇರವಾಗಿ ತೆರೆಯುತ್ತದೆ. ನಮ್ಮ ಕಡೆಯ ಥಂಡಿಗೆ ಬೀರುವಿನಲ್ಲಿಟ್ಟ ಡಿಸ್ಕುಗಳ ಮೇಲೆ ಬೂಷ್ಟು ಹಿಡಿದಿದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಿ ಉಜ್ಜಬೇಡಿ. ಡಿಸ್ಕ್ ಓದಿದ ದಿನವೇ ಆ ಫೈಲನ್ನು ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಳ್ಳಿ.

ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್ ಹಾಕಿಕೊಂಡವರಿಗೆ ಕೆಲಸ ಇನ್ನೂ ಸುಲಭ. ಇನ್‌ಸ್ಟಾಲ್ ಮಾಡುವಾಗಲೇ ಮಲ್ಟಿಮೀಡಿಯಾ ಕೋಡೆಕ್ಸ್ ಎಂಬ ಚೌಕಕ್ಕೆ ಗುರುತು ಹಾಕಿದರೆ ಆಯಿತು. ಮರೆತಿದ್ದರೆ ಮೆನುವಿನ ಸೌಂಡ್ ಆ್ಯಂಡ್ ವಿಡಿಯೊ ವಿಭಾಗದಲ್ಲಿ ಅದೇ ಹೆಸರಿನ ಆಯ್ಕೆ ಸಿಗುತ್ತದೆ. ಉಬುಂಟುವಿನಲ್ಲಿ ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್ ಎಂಬ ಪ್ಯಾಕೇಜ್ ಹಾಕಬೇಕು.

ನಮ್ಮ ಮನೆಯ ವಿಡಿಯೊ 1080ಪಿ ಅಳತೆಯ ಎಚ್‌ಇವಿಸಿ ಆಗಿತ್ತು. ವಿಎಲ್‌ಸಿಯಲ್ಲಿ ಚಿತ್ರ ಬಂತು, ಆದರೆ ಗಾಳಿಗೆ ರೆಂಬೆ ಅಲುಗಿದಾಗಲೆಲ್ಲ ನಿಂತು ನಿಂತು ಸಾಗಿತು. ಹ್ಯಾಂಡ್‌ಬ್ರೇಕ್‌ನಲ್ಲಿ 720ಪಿಗೆ ಇಳಿಸಿದ ಮೇಲೆ ಅಮ್ಮ ಅದನ್ನು ಎರಡು ಸಲ ಪೂರ್ತಿ ನೋಡಿ, ಕೆರೆಯ ಏರಿಯ ಪಕ್ಕದ ಸಾಲು ಈ ಸಲ ಚೆನ್ನಾಗಿ ಹೂಬಿಟ್ಟಿದೆ ಎಂದರು. ಹಾಕಿದ ತಂತ್ರಾಂಶಗಳ ಹೆಸರು, ಆವೃತ್ತಿ ಮತ್ತು ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಸಿಪಿಯು ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದ್ದೇನೆ. ಅವುಗಳ ಇನ್‌ಸ್ಟಾಲರುಗಳನ್ನು ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ.